"ಸರ್ವರ್ ಇಲ್ಲ" ಎಂದರೇನು? ಯಂತ್ರ ಕಲಿಕೆ ತಂತ್ರಾಂಶಗಳಲ್ಲಿನ ಸೇವಾ ನಿರಾಕರಣೆ ದೋಷ: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

"ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ನಾಡಕಚೇರಿ, ಗ್ರಾಮ ಒನ್ ಕೇಂದ್ರ, ನ್ಯಾಯಬೆಲೆ ಅಂಗಡಿ ಹಾಗೂ ಉಪ ನೋಂದಣಾಧಿಕಾರಿಗಳ ಕಚೇರಿಗೆ ಹೋಗಿಬರುವ ಸಾರ್ವಜನಿಕರಿಗೆ ಅಪರಿಚಿತವಲ್ಲ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂತಹ ಗ್ರಾಮದಿಂದ ತಾಲ್ಲೂಕು ಕೇಂದ್ರಕ್ಕೆ ಬಂದ ಕೃಷಿಕರಿಗೆ ಅಥವಾ ವೃದ್ಧರಿಗೆ ಈ ಒಂದು ಮಾತಿನಿಂದ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ನಷ್ಟವಾಗುತ್ತದೆ. ಮಧುಗಿರಿ ಉಪವಿಭಾಗದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ದೂರದ ಗ್ರಾಮಗಳ ಅರ್ಜಿದಾರರ ಮಟ್ಟಿಗೂ ಇದು ಸತ್ಯವೇ ಆಗಿದೆ.

ಗಣಕೀಕೃತ ಸೇವೆಯು ಸ್ಥಗಿತಗೊಳ್ಳಲು ವಿದ್ಯುತ್ ನಿಲುಗಡೆ, ಸಂಪರ್ಕ ಕಡಿತ, ನಿರ್ವಹಣಾ ಕಾರ್ಯ ಮುಂತಾದ ಹಲವು ಕಾರಣಗಳಿರುತ್ತವೆ. ಅವುಗಳಲ್ಲಿ "ಸೇವಾ ನಿರಾಕರಣೆ" ಎಂಬುದೂ ಒಂದು. ಮುಖಚಹರೆಯ ದೃಢೀಕರಣ, ಧ್ವನಿಯ ಮೂಲಕ ಉತ್ತರಿಸುವ ಸಹಾಯಕ ಮುಂತಾದ ಸೌಲಭ್ಯಗಳು ಸರ್ಕಾರಿ ಸೇವೆಗಳಲ್ಲಿ ಬಳಕೆಗೆ ಬಂದಿರುವುದರಿಂದ, ಅವುಗಳಿಗೆ ಆಧಾರವಾದ "ಯಂತ್ರ ಕಲಿಕೆ" ತಂತ್ರಾಂಶಗಳಲ್ಲಿ ಕಂಡುಬರುವ ಈ ಬಗೆಯ ದೋಷದ ಕುರಿತು ನಾಗರಿಕರು ತಿಳಿದಿರುವುದು ಅಗತ್ಯ. ಈ ದೋಷವು ಹೇಗೆ ಉಂಟಾಗುತ್ತದೆ, ಅದರಿಂದ ಅರ್ಜಿದಾರರ ದಾಖಲೆಗಳಿಗೆ ಧಕ್ಕೆಯಾಗುತ್ತದೆಯೇ, ಸೇವೆ ನಿಂತಾಗ ಅವರಿಗಿರುವ ಮಾರ್ಗಗಳು ಯಾವುವು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇಲ್ಲಿ ನೀಡಿರುವ ತಂತ್ರಾಂಶ ದೋಷಗಳ ಉದಾಹರಣೆಗಳು ತಿಳಿವಳಿಕೆಗಾಗಿ ಮಾತ್ರ. ಅವು ಯಾವುದೇ ಇಲಾಖೆಯ ಸೇವೆಯಲ್ಲಿ ಕಂಡುಬಂದಿವೆ ಎಂದು ಭಾವಿಸತಕ್ಕದ್ದಲ್ಲ.

1. ಸೇವಾ ನಿರಾಕರಣೆ ಎಂದರೇನು?

ಗಣಕ ವ್ಯವಸ್ಥೆಯೊಂದನ್ನು ಬಳಸಲು ಹಕ್ಕುಳ್ಳವರಿಗೆ ಅದು ದೊರೆಯದಂತೆ ಮಾಡುವುದಕ್ಕೆ ಸೇವಾ ನಿರಾಕರಣೆ ಎನ್ನಲಾಗುತ್ತದೆ. ಇಲ್ಲಿ ದಾಖಲೆಯನ್ನು ಕದಿಯುವುದಾಗಲಿ ತಿದ್ದುವುದಾಗಲಿ ನಡೆಯಬೇಕೆಂದಿಲ್ಲ. ಕಚೇರಿಯ ಕಪಾಟಿಗೆ ಕೈಹಾಕದೆ, ಬಾಗಿಲಿಗೆ ಅಡ್ಡ ನಿಂತು ಬಂದವರನ್ನು ಒಳಗೆ ಬಿಡದಿರುವಂತಹ ಕೃತ್ಯ ಇದು.

ಸೇವಾ ನಿರಾಕರಣೆಯು ಮುಖ್ಯವಾಗಿ ಎರಡು ವಿಧಗಳಲ್ಲಿ ಸಂಭವಿಸುತ್ತದೆ.

(ಅ) ದಟ್ಟಣೆಯಿಂದ: ವ್ಯವಸ್ಥೆಯು ತಾಳಲಾರದಷ್ಟು ಸುಳ್ಳು ಕೋರಿಕೆಗಳನ್ನು ಒಮ್ಮೆಲೇ ಕಳುಹಿಸುವುದು. ಅನೇಕ ಸ್ಥಳಗಳಿಂದ ಏಕಕಾಲದಲ್ಲಿ ಹೀಗೆ ಮಾಡಿದರೆ ಅದನ್ನು "ವಿತರಿತ ಸೇವಾ ನಿರಾಕರಣೆ" ಎಂದು ಕರೆಯಲಾಗುತ್ತದೆ.

(ಆ) ದೋಷದಿಂದ: ತಂತ್ರಾಂಶದೊಳಗೆ ಉಳಿದುಹೋದ ಸಣ್ಣ ಲೋಪವೊಂದನ್ನು ಬಳಸಿ, ಒಂದೇ ಒಂದು ತಪ್ಪು ಕೋರಿಕೆಯಿಂದ ಇಡೀ ವ್ಯವಸ್ಥೆಯನ್ನು ನಿಲ್ಲಿಸುವುದು.

ಮೊದಲನೆಯದಕ್ಕೆ ಜನಜಂಗುಳಿ ಬೇಕು. ಎರಡನೆಯದಕ್ಕೆ ಒಂದು ಕೋರಿಕೆ ಸಾಕು.

2. ಕರ್ನಾಟಕದ ನಿದರ್ಶನ: ಕಾವೇರಿ 2.0

ದಟ್ಟಣೆಯ ಮೂಲಕ ನಡೆದ ಸೇವಾ ನಿರಾಕರಣೆಗೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಸ್ಥಿರಾಸ್ತಿ ದಸ್ತಾವೇಜುಗಳ ನೋಂದಣಿ, ಋಣಭಾರ ಪ್ರಮಾಣ ಪತ್ರ ಹಾಗೂ ದೃಢೀಕೃತ ನಕಲುಗಳಿಗಾಗಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು 2023ರಲ್ಲಿ ಬಳಕೆಗೆ ತಂದ ಕಾವೇರಿ 2.0 ತಂತ್ರಾಂಶವು 2024ರ ಡಿಸೆಂಬರ್ ಹಾಗೂ 2025ರ ಜನವರಿ ತಿಂಗಳುಗಳಲ್ಲಿ ಪದೇ ಪದೇ ಸ್ಥಗಿತಗೊಂಡಿತು. ಪರಿಶೀಲನೆಯ ನಂತರ ಇದು ವಿತರಿತ ಸೇವಾ ನಿರಾಕರಣೆ ದಾಳಿಯೆಂದು ಕಂಡುಬಂದಿತು.

ಜನವರಿಯ ಒಂದು ಸಂದರ್ಭದಲ್ಲಿ ಋಣಭಾರ ಪ್ರಮಾಣ ಪತ್ರದ ಹುಡುಕಾಟವು ವಾಡಿಕೆಗಿಂತ 8 ಪಟ್ಟು ಏರಿ, ಕೇವಲ 2 ಗಂಟೆಗಳಲ್ಲಿ 6.2 ಲಕ್ಷ ದುರುದ್ದೇಶಪೂರಿತ ಕೋರಿಕೆಗಳು ಬಂದಿದ್ದವು. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 86 ಕೋರಿಕೆಗಳು. ಹುಡುಕಾಟಕ್ಕೆ ಅರ್ಥವಿಲ್ಲದ ಪದಗಳನ್ನು ಬಳಸಲಾಗಿತ್ತು. 62 ಇಮೇಲ್ ಖಾತೆಗಳು ಹಾಗೂ 14 ಅಂತರ್ಜಾಲ ವಿಳಾಸಗಳು ದಾಳಿಯಲ್ಲಿ ಬಳಕೆಯಾಗಿದ್ದವು. ಈ ಕುರಿತು ಸೈಬರ್ ಅಪರಾಧ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು.

ರಾಜ್ಯದ ಉಪ ನೋಂದಣಾಧಿಕಾರಿಗಳ ಕಚೇರಿಗಳೆಲ್ಲವೂ ಇದೇ ತಂತ್ರಾಂಶವನ್ನು ಅವಲಂಬಿಸಿರುವುದರಿಂದ, ಬೆಂಗಳೂರಿನ ಅರ್ಜಿದಾರರಂತೆಯೇ ಗ್ರಾಮಾಂತರ ತಾಲ್ಲೂಕುಗಳ ಅರ್ಜಿದಾರರೂ ಕಾಯಬೇಕಾಯಿತು. ಜಮೀನಿನ ಮೇಲೆ ಸಾಲ ಪಡೆಯಲು ಋಣಭಾರ ಪ್ರಮಾಣ ಪತ್ರ ಬೇಕಿದ್ದ ರೈತರಿಗೆ, ನೋಂದಣಿಗೆ ದಿನ ಗೊತ್ತುಮಾಡಿಕೊಂಡು ಸಾಕ್ಷಿದಾರರೊಡನೆ ಬಂದವರಿಗೆ ಇದರಿಂದ ತೊಂದರೆಯಾಯಿತು. ಎಲ್ಲ ಕಚೇರಿಗಳಿಗೂ ಒಂದೇ ವ್ಯವಸ್ಥೆಯಿದ್ದಾಗ ಅನುಕೂಲವು ಎಲ್ಲರಿಗೂ ದೊರೆಯುವಂತೆ ಅಡಚಣೆಯೂ ಎಲ್ಲರನ್ನೂ ತಟ್ಟುತ್ತದೆ.

ಕಾವೇರಿ 2.0 ಪ್ರಕರಣವು ಯಂತ್ರ ಕಲಿಕೆಗೆ ಸಂಬಂಧಿಸಿದ್ದಲ್ಲ. ಎರಡನೆಯ ವಿಧವಾದ, ದೋಷದಿಂದ ಉಂಟಾಗುವ ಸೇವಾ ನಿರಾಕರಣೆಯನ್ನು ತಿಳಿಯಲು ಯಂತ್ರ ಕಲಿಕೆ ಎಂದರೇನೆಂಬುದನ್ನು ಮೊದಲು ನೋಡಬೇಕು.

3. ಯಂತ್ರ ಕಲಿಕೆ ಮತ್ತು ತಂತ್ರಾಂಶ ಲೈಬ್ರರಿ

ಸಾಮಾನ್ಯ ತಂತ್ರಾಂಶದಲ್ಲಿ ಪ್ರತಿಯೊಂದು ನಿಯಮವನ್ನೂ ಮನುಷ್ಯರೇ ಬರೆದಿರುತ್ತಾರೆ. ಯಂತ್ರ ಕಲಿಕೆಯಲ್ಲಿ ಗಣಕಯಂತ್ರಕ್ಕೆ ಸಾವಿರಾರು ಮಾದರಿಗಳನ್ನು ತೋರಿಸಿ, ಅವುಗಳಿಂದ ನಿಯಮವನ್ನು ತಾನೇ ಕಂಡುಕೊಳ್ಳುವಂತೆ ಮಾಡಲಾಗುತ್ತದೆ. ಕಡಲೆಕಾಯಿ ಬೆಳೆಯ ಟಿಕ್ಕಾ ರೋಗ ತಗುಲಿದ ಎಲೆಗಳ ಮತ್ತು ಆರೋಗ್ಯವಂತ ಎಲೆಗಳ ಅನೇಕ ಛಾಯಾಚಿತ್ರಗಳನ್ನು ನೀಡಿದರೆ, ಹೊಸ ಎಲೆಯ ಚಿತ್ರವು ಯಾವ ಗುಂಪಿಗೆ ಸೇರುತ್ತದೆಂದು ಅದು ಅಂದಾಜಿಸಬಲ್ಲದು. ಹೀಗೆ ಕಲಿತು ಸಿದ್ಧವಾದ ಲೆಕ್ಕಾಚಾರದ ಕಟ್ಟನ್ನು "ಮಾದರಿ" ಅಥವಾ "ಮಾಡೆಲ್" ಎನ್ನುವರು.

ಸಾರ್ವಜನಿಕರು ಇದನ್ನು ಈಗಾಗಲೇ ಬಳಸುತ್ತಿದ್ದಾರೆ. ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರದ ಮುಖಚಹರೆ ದೃಢೀಕರಣವು ಈ ತಂತ್ರಜ್ಞಾನವನ್ನು ಆಧರಿಸಿದೆ. ಪಿಂಚಣಿದಾರರ ಡಿಜಿಟಲ್ ಜೀವನ ಪ್ರಮಾಣ ಪತ್ರಕ್ಕೆ 2021ರ ನವೆಂಬರ್‌ನಿಂದ, ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಇ-ಕೆವೈಸಿಗೆ 2023ರ ಜೂನ್‌ನಿಂದ ಮುಖಚಹರೆಯ ಸೌಲಭ್ಯವನ್ನು ಒದಗಿಸಲಾಗಿದೆ. ಮಣ್ಣು ಅಗೆದು, ಕಳೆ ಕಿತ್ತು ಬೆರಳಿನ ಗೆರೆಗಳು ಸವೆದುಹೋದ ಕೃಷಿಕರಿಗೆ ಹಾಗೂ ಕೂಲಿಕಾರರಿಗೆ ಇದು ಉಪಯುಕ್ತ. ಬೆರಳಚ್ಚು ಹೊಂದದಿದ್ದಾಗ ಮುಖವೇ ಅವರ ಗುರುತಾಗುತ್ತದೆ. ಈ ಕಾರಣದಿಂದಲೇ ಇಂತಹ ಸೇವೆ ನಿಂತಾಗ ಹೆಚ್ಚು ತೊಂದರೆಗೊಳಗಾಗುವವರು ಬೇರೆ ದಾರಿ ಕಡಿಮೆ ಇರುವ ಈ ವರ್ಗದವರೇ.

ಇಂತಹ ಮಾದರಿಗಳನ್ನು ರೂಪಿಸುವವರು ಪ್ರತಿಯೊಂದು ಲೆಕ್ಕಾಚಾರವನ್ನೂ ಹೊಸದಾಗಿ ಬರೆಯುವುದಿಲ್ಲ. ಬೇರೆಯವರು ಬರೆದು ಪರೀಕ್ಷಿಸಿ ಸಿದ್ಧಪಡಿಸಿಟ್ಟ ಲೆಕ್ಕಾಚಾರಗಳ ಸಂಗ್ರಹವನ್ನು ಬಳಸಿಕೊಳ್ಳುತ್ತಾರೆ. ಇದಕ್ಕೆ "ತಂತ್ರಾಂಶ ಲೈಬ್ರರಿ" ಎಂದು ಹೆಸರು. ಮನೆ ಕಟ್ಟುವವರು ಇಟ್ಟಿಗೆಯನ್ನು ತಾವೇ ಸುಡದೆ ಗೂಡಿನಿಂದ ತರಿಸುವಂತೆಯೇ ಇದು. ಗೂಗಲ್ ಸಂಸ್ಥೆಯು 2015ರ ನವೆಂಬರ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ ಟೆನ್ಸರ್‌ಫ್ಲೋ ಇಂತಹ ಪ್ರಸಿದ್ಧ ಲೈಬ್ರರಿಗಳಲ್ಲೊಂದು. ಒಂದು ಲೈಬ್ರರಿಯನ್ನು ಜಗತ್ತಿನಾದ್ಯಂತ ಅಸಂಖ್ಯಾತ ಸೇವೆಗಳು ಬಳಸುವುದರಿಂದ, ಅದರಲ್ಲಿನ ಒಂದು ಲೋಪವು ಅವೆಲ್ಲವುಗಳಿಗೂ ಸಂಬಂಧಿಸಿದ್ದಾಗುತ್ತದೆ.

4. ಮೊದಲನೆಯ ಉದಾಹರಣೆ: ಪರಿಶೀಲಿಸದೆ ಉಳಿದ ಒಂದು ಸಂಖ್ಯೆ

ಟೆನ್ಸರ್‌ಫ್ಲೋ ಲೈಬ್ರರಿಯಲ್ಲಿ ಕಂಡುಬಂದ ಒಂದು ದೋಷವನ್ನು 2022ರ ಸೆಪ್ಟೆಂಬರ್‌ನಲ್ಲಿ ಸಿವಿಇ-2022-35941 ಎಂಬ ಸಂಖ್ಯೆಯಡಿ ಪ್ರಕಟಿಸಲಾಯಿತು. ಸಿವಿಇ ಎಂಬುದು ತಂತ್ರಾಂಶಗಳ ಭದ್ರತಾ ದೋಷಗಳಿಗೆ ಜಾಗತಿಕವಾಗಿ ನೀಡಲಾಗುವ ಗುರುತಿನ ಸಂಖ್ಯೆ.

ಚಿತ್ರವೊಂದನ್ನು ಗುರುತಿಸುವಾಗ ಯಂತ್ರವು ಅದನ್ನು ಹಂತಹಂತವಾಗಿ ಚಿಕ್ಕದಾಗಿಸಿಕೊಳ್ಳುತ್ತದೆ. ಉದ್ದ 640, ಅಗಲ 480 ಚುಕ್ಕಿಗಳಿರುವ ಭಾವಚಿತ್ರದಲ್ಲಿ ಒಟ್ಟು 3,07,200 ಚುಕ್ಕಿಗಳಿರುತ್ತವೆ. ಉದ್ದ 2, ಅಗಲ 2 ಅಳತೆಯ ಒಂದು ಚೌಕಟ್ಟನ್ನು ಚಿತ್ರದ ಮೇಲೆ ಸರಿಸುತ್ತಾ, ಪ್ರತಿ 4 ಚುಕ್ಕಿಗಳ ಸರಾಸರಿಯನ್ನು ಒಂದೇ ಚುಕ್ಕಿಯಾಗಿ ಬರೆದುಕೊಂಡರೆ 76,800 ಚುಕ್ಕಿಗಳು ಮಾತ್ರ ಉಳಿಯುತ್ತವೆ. ಮುಖ್ಯ ಲಕ್ಷಣಗಳು ಉಳಿದು ಲೆಕ್ಕಾಚಾರದ ಹೊರೆ ಇಳಿಯುತ್ತದೆ. ಇದಕ್ಕೆ ಸರಾಸರಿ ಪೂಲಿಂಗ್ ಎನ್ನುತ್ತಾರೆ.

ಚೌಕಟ್ಟಿನ ಅಳತೆಯು ಸಹಜವಾಗಿಯೇ 1 ಅಥವಾ ಅದಕ್ಕಿಂತ ಹೆಚ್ಚಿನ ಸಂಖ್ಯೆಯಾಗಿರಬೇಕು. ಆದರೆ ಲೈಬ್ರರಿಯ ಸದರಿ ಭಾಗದಲ್ಲಿ ಈ ಅಳತೆಯನ್ನು ಮೊದಲೇ ಪರಿಶೀಲಿಸುವ ಸಾಲು ಬಿಟ್ಟುಹೋಗಿತ್ತು. ಯಾರಾದರೂ ಋಣ ಸಂಖ್ಯೆಯನ್ನು ನೀಡಿದರೆ ಅದು ತಡೆಯಿಲ್ಲದೆ ಒಳಗೆ ಹೋಗಿ, ಆಳದಲ್ಲಿದ್ದ ಒಂದು ಕಟ್ಟುನಿಟ್ಟಿನ ತಪಾಸಣೆಗೆ ಸಿಕ್ಕಿಕೊಳ್ಳುತ್ತಿತ್ತು. ಆ ತಪಾಸಣೆಯು ತಪ್ಪನ್ನು ಕಂಡಾಗ "ಈ ಕೋರಿಕೆ ಸರಿಯಿಲ್ಲ" ಎಂದು ಉತ್ತರಿಸುವ ಬದಲು ಚಾಲ್ತಿಯಲ್ಲಿದ್ದ ಇಡೀ ಪ್ರೋಗ್ರಾಮನ್ನೇ ಮುಕ್ತಾಯಗೊಳಿಸುತ್ತಿತ್ತು.

ಕಚೇರಿಯ ವ್ಯವಹಾರಕ್ಕೆ ಹೋಲಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ಅರ್ಜಿಯೊಂದರಲ್ಲಿ ಜಮೀನಿನ ವಿಸ್ತೀರ್ಣದ ಮುಂದೆ "ಮೈನಸ್ 3 ಗುಂಟೆ" ಎಂದು ಬರೆಯಲಾಗಿದೆ ಎಂದು ಭಾವಿಸೋಣ. ಸ್ವೀಕೃತಿ ಕೌಂಟರಿನಲ್ಲಿಯೇ ಇದನ್ನು ಗಮನಿಸಿ, ಹಿಂಬರಹ ಬರೆದು ಅರ್ಜಿಯನ್ನು ಹಿಂದಿರುಗಿಸುವುದು ಸರಿಯಾದ ಕ್ರಮ. ಸರದಿಯಲ್ಲಿರುವ ಉಳಿದವರ ಕೆಲಸ ಎಂದಿನಂತೆ ನಡೆಯುತ್ತದೆ. ಆದರೆ ಅರ್ಜಿಯನ್ನು ನೋಡದೆ ಒಳಗೆ ಕಳುಹಿಸಿ, ಮೋಜಣಿಯ ಹಂತದಲ್ಲಿ ತಪ್ಪು ಕಂಡೊಡನೆ ಎಲ್ಲರನ್ನೂ ಹೊರಗೆ ಕಳುಹಿಸಿ ಕಚೇರಿಗೆ ಬೀಗ ಹಾಕಿದರೆ? ಆ ಒಂದು ಅರ್ಜಿಯ ಜೊತೆಗೆ ಸರದಿಯಲ್ಲಿದ್ದ ಎಲ್ಲ ಅರ್ಜಿಗಳೂ ನಿಂತುಹೋಗುತ್ತವೆ. ಸದರಿ ದೋಷದ ಪರಿಣಾಮ ಇದೇ ಬಗೆಯದು.

ದೋಷದ ಪರಿಹಾರವೂ ಅಷ್ಟೇ ಸರಳವಾಗಿತ್ತು. ಅಳತೆಯು ಧನ ಸಂಖ್ಯೆಯೇ ಎಂಬುದನ್ನು ಆರಂಭದಲ್ಲಿಯೇ ಪರಿಶೀಲಿಸಿ, ಇಲ್ಲವಾದಲ್ಲಿ ಆ ಕೋರಿಕೆಯನ್ನು ಮಾತ್ರ ತಿರಸ್ಕರಿಸುವ ಸಾಲುಗಳನ್ನು ಸೇರಿಸಲಾಯಿತು. ಈ ತಿದ್ದುಪಡಿಯನ್ನು 2.10.0 ಆವೃತ್ತಿಯಲ್ಲಿ ಅಳವಡಿಸಲಾಯಿತು.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಚೌಕಟ್ಟಿನ ಅಳತೆಯನ್ನು ನಿಗದಿಪಡಿಸುವವರು ಸಾಮಾನ್ಯವಾಗಿ ಮಾದರಿಯನ್ನು ರೂಪಿಸಿದವರೇ ಹೊರತು ಭಾವಚಿತ್ರವನ್ನು ಕಳುಹಿಸುವ ನಾಗರಿಕರಲ್ಲ. ಆದುದರಿಂದ ಅರ್ಜಿದಾರರೊಬ್ಬರ ಮುಖದ ಚಿತ್ರ ಮಸುಕಾಗಿದ್ದ ಮಾತ್ರಕ್ಕೆ ಇಂತಹ ದೋಷ ಉಂಟಾಗುವುದಿಲ್ಲ. ಅಪರಿಚಿತ ಮೂಲದಿಂದ ಪಡೆದ ಮಾದರಿಯನ್ನು ಪರಿಶೀಲಿಸದೆ ಚಾಲನೆಗೊಳಿಸಿದಾಗ ಅಥವಾ ಹೊರಗಿನವರು ಇಂತಹ ಅಳತೆಗಳನ್ನು ನೇರವಾಗಿ ನೀಡಲು ಅವಕಾಶವಿದ್ದಾಗ ಅಪಾಯವಿರುತ್ತದೆ.

5. ಎರಡನೆಯ ಉದಾಹರಣೆ: ಮುಗಿಯದ ಹುಡುಕಾಟ

ಮತ್ತೊಂದು ಬಗೆಯ ದೋಷದಲ್ಲಿ ತಂತ್ರಾಂಶವು ನಿಲ್ಲುವುದಿಲ್ಲ, ಆದರೆ ಬಿಡುವಿಲ್ಲದೆ ದುಡಿಯುತ್ತಾ ಬೇರೆಯವರಿಗೆ ದೊರೆಯದಂತಾಗುತ್ತದೆ. ಭಾಷೆಗೆ ಸಂಬಂಧಿಸಿದ ಮಾದರಿಗಳಿಗಾಗಿ ಹಗ್ಗಿಂಗ್ ಫೇಸ್ ಸಂಸ್ಥೆಯು ಒದಗಿಸುವ ಟ್ರಾನ್ಸ್‌ಫಾರ್ಮರ್ಸ್ ಎಂಬ ಲೈಬ್ರರಿಯಲ್ಲಿ ಇಂತಹ ದೋಷವು ಸಿವಿಇ-2024-12720 ಎಂಬ ಸಂಖ್ಯೆಯಡಿ ದಾಖಲಾಗಿದೆ. 4.46.3 ಆವೃತ್ತಿಯಲ್ಲಿದ್ದ ಈ ದೋಷವನ್ನು 4.48.0 ಆವೃತ್ತಿಯಲ್ಲಿ ಸರಿಪಡಿಸಲಾಯಿತು.

ಪಠ್ಯದಲ್ಲಿ ನಿರ್ದಿಷ್ಟ ವಿನ್ಯಾಸವನ್ನು ಹುಡುಕಲು ತಂತ್ರಾಂಶಗಳು ಒಂದು ಸೂತ್ರವನ್ನು ಬಳಸುತ್ತವೆ. ಸೂತ್ರವನ್ನು ಜಾಗ್ರತೆಯಿಂದ ಬರೆಯದಿದ್ದಲ್ಲಿ, ಒಂದೇ ಪಠ್ಯವನ್ನು ಹೊಂದಿಸಲು ಹಲವು ದಾರಿಗಳು ಉಳಿದುಬಿಡುತ್ತವೆ. ಒಂದು ದಾರಿ ಹೊಂದದಿದ್ದಾಗ ತಂತ್ರಾಂಶವು ಹಿಂದಿರುಗಿ ಮತ್ತೊಂದನ್ನು ಪ್ರಯತ್ನಿಸುತ್ತದೆ. ಪ್ರತಿ ಅಕ್ಷರಕ್ಕೂ ದಾರಿಗಳು ದುಪ್ಪಟ್ಟಾಗುವಂತಹ ಸಂದರ್ಭದಲ್ಲಿ 10 ಅಕ್ಷರಗಳಿಗೆ 1,024 ದಾರಿಗಳು, 20 ಅಕ್ಷರಗಳಿಗೆ 10,48,576 ದಾರಿಗಳು, 30 ಅಕ್ಷರಗಳಿಗೆ 107 ಕೋಟಿಗೂ ಮೀರಿದ ದಾರಿಗಳು ಆಗುತ್ತವೆ. ಒಂದು ಸಾಲಿಗೂ ಸಾಲದ ಬರಹವು ಗಣಕಯಂತ್ರದ ಸಂಪೂರ್ಣ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದು ಹೀಗೆ. ಇದನ್ನು ತಡೆಯಲು ಸೂತ್ರವನ್ನು ತಿದ್ದುವುದರ ಜೊತೆಗೆ ಪಠ್ಯದ ಉದ್ದಕ್ಕೆ ಮಿತಿ ಹಾಗೂ ಪ್ರತಿ ಕೋರಿಕೆಗೆ ಕಾಲಮಿತಿ ವಿಧಿಸಲಾಗುತ್ತದೆ.

6. ಸೇವೆ ಬಂದು ಹೋಗುತ್ತಿರುವಂತೆ ಕಾಣುವುದೇಕೆ?

ಪ್ರೋಗ್ರಾಮು ನಿಂತೊಡನೆ ಅದನ್ನು ತಾನಾಗಿಯೇ ಮರುಚಾಲನೆಗೊಳಿಸುವ ಏರ್ಪಾಡು ಬಹುತೇಕ ವ್ಯವಸ್ಥೆಗಳಲ್ಲಿರುತ್ತದೆ. ಆದರೆ ನಿಲುಗಡೆಗೆ ಕಾರಣವಾದ ತಪ್ಪು ಕೋರಿಕೆಯು ಸರದಿಯಲ್ಲಿಯೇ ಉಳಿದಿದ್ದರೆ, ಮರುಚಾಲನೆಯ ನಂತರ ಅದು ಪುನಃ ಒಳಗೆ ಹೋಗಿ ಪುನಃ ನಿಲುಗಡೆಯಾಗುತ್ತದೆ. ಪರದೆಯ ಮೇಲೆ ಸೇವೆಯು ಕೆಲವು ನಿಮಿಷ ಬಂದು ಮತ್ತೆ ಮರೆಯಾಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಸರದಿಯಿಂದ ಆ ಕೋರಿಕೆಯನ್ನು ಬೇರ್ಪಡಿಸಿದ ನಂತರವೇ ಸೇವೆ ಸ್ಥಿರಗೊಳ್ಳುತ್ತದೆ.

ಇಂತಹ ಸಮಯದಲ್ಲಿ ಸಾವಿರಾರು ಜನರು "ಸಲ್ಲಿಸು" ಗುಂಡಿಯನ್ನು ಪದೇ ಪದೇ ಒತ್ತಿದರೆ, ಯಾರ ದುರುದ್ದೇಶವೂ ಇಲ್ಲದೆಯೇ ದಟ್ಟಣೆ ಉಂಟಾಗಿ ಚೇತರಿಕೆ ತಡವಾಗುತ್ತದೆ.

7. ಅರ್ಜಿದಾರರ ದಾಖಲೆಗಳಿಗೆ ಧಕ್ಕೆಯಾಗುವುದೇ?

ಮೇಲೆ ವಿವರಿಸಿದ ಎರಡೂ ದೋಷಗಳ ಪರಿಣಾಮವು ಸೇವೆಯ ಲಭ್ಯತೆಗೆ ಸಂಬಂಧಿಸಿದ್ದು. ಗಣಕ ಭದ್ರತೆಯಲ್ಲಿ ಗೌಪ್ಯತೆ, ಸಮಗ್ರತೆ ಮತ್ತು ಲಭ್ಯತೆ ಎಂಬ ಮೂರು ಅಂಶಗಳನ್ನು ಪ್ರತ್ಯೇಕವಾಗಿ ಪರಿಗಣಿಸಲಾಗುತ್ತದೆ. ದಾಖಲೆಯನ್ನು ಅನ್ಯರು ಓದಿದರೆ ಗೌಪ್ಯತೆಗೆ, ತಿದ್ದಿದರೆ ಸಮಗ್ರತೆಗೆ, ಹಕ್ಕುಳ್ಳವರಿಗೆ ಅದು ಸಿಗದಿದ್ದರೆ ಲಭ್ಯತೆಗೆ ಭಂಗ ಬಂದಂತೆ. ಸೇವಾ ನಿರಾಕರಣೆಯಿಂದ ಪಹಣಿಯಲ್ಲಿನ ಹೆಸರಾಗಲಿ, ಪಡಿತರ ಚೀಟಿಯ ವಿವರವಾಗಲಿ, ಪಿಂಚಣಿಯ ಮಂಜೂರಾತಿಯಾಗಲಿ ತಾನಾಗಿ ಅಳಿಸಿಹೋಗುವುದಿಲ್ಲ.

ಆದರೆ ಲಭ್ಯತೆಯನ್ನು ಸಣ್ಣ ವಿಷಯವೆಂದು ಭಾವಿಸತಕ್ಕದ್ದಲ್ಲ. ತಿಂಗಳ ಕೊನೆಯ ದಿನ ಪಡಿತರ ದೊರೆಯದಿದ್ದರೆ, ಪ್ರವೇಶಾತಿಯ ಕಡೆಯ ದಿನ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಕೈಗೆ ಬರದಿದ್ದರೆ, ದಾಖಲೆ ಸುರಕ್ಷಿತವಾಗಿದೆ ಎಂಬುದರಿಂದ ಅರ್ಜಿದಾರರಿಗೆ ಪ್ರಯೋಜನವಾಗುವುದಿಲ್ಲ. ಆದಕಾರಣ ಮುಂದೆ ತಿಳಿಸಿರುವ ಪರ್ಯಾಯ ಮಾರ್ಗಗಳನ್ನು ತಿಳಿದಿರುವುದು ಅವಶ್ಯಕ.

8. ಸೇವೆ ಸ್ಥಗಿತಗೊಂಡಾಗ ಅನುಸರಿಸಬೇಕಾದ ಕ್ರಮಗಳು

(1) ಪರ್ಯಾಯ ದೃಢೀಕರಣವನ್ನು ಕೋರುವುದು: ಪ್ರಧಾನಮಂತ್ರಿ ಕಿಸಾನ್ ಯೋಜನೆಯಡಿ ವರ್ಷಕ್ಕೆ 3 ಕಂತುಗಳಲ್ಲಿ ದೊರೆಯುವ ರೂ. 6,000 ಸಹಾಯಧನಕ್ಕೆ ಇ-ಕೆವೈಸಿಯನ್ನು ಒಟಿಪಿ, ಬೆರಳಚ್ಚು ಅಥವಾ ಮುಖಚಹರೆ ಈ ಮೂರರಲ್ಲಿ ಯಾವುದಾದರೊಂದರ ಮೂಲಕ ಪೂರೈಸಬಹುದು. ಮುಖಚಹರೆಯ ಸೇವೆ ನಿಂತಿದ್ದರೆ ಉಳಿದೆರಡು ಮಾರ್ಗಗಳನ್ನು ಬಳಸಬಹುದು. ಒಟಿಪಿ ಪಡೆಯಲು ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಯು ಚಾಲ್ತಿಯಲ್ಲಿರತಕ್ಕದ್ದು. ಆದ್ದರಿಂದ ಸಂಖ್ಯೆ ಬದಲಾಗಿದ್ದಲ್ಲಿ ತುರ್ತು ಬರುವ ಮುನ್ನವೇ ಆಧಾರ್ ಕೇಂದ್ರದಲ್ಲಿ ತಿದ್ದುಪಡಿ ಮಾಡಿಸಿಕೊಳ್ಳುವುದು ಸೂಕ್ತ.

(2) ವಿನಾಯಿತಿ ವ್ಯವಸ್ಥೆಯನ್ನು ಕೋರುವುದು: ಪಡಿತರ ಮತ್ತು ಇತರ ಕಲ್ಯಾಣ ಯೋಜನೆಗಳಲ್ಲಿ ದೃಢೀಕರಣ ವಿಫಲವಾದ ಕಾರಣಕ್ಕೆ ಅರ್ಹರಿಗೆ ಸೌಲಭ್ಯವನ್ನು ನಿರಾಕರಿಸದಂತೆ ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವು 24-10-2017ರ ಸುತ್ತೋಲೆಯಲ್ಲಿ ತಿಳಿಸಿದೆ. ಸಂಪರ್ಕ ಅಥವಾ ಉಪಕರಣದ ತೊಂದರೆಯಿದ್ದಾಗ ಪರ್ಯಾಯ ವಿಧಾನದಿಂದ ಗುರುತನ್ನು ಖಚಿತಪಡಿಸಿಕೊಂಡು, ವಿನಾಯಿತಿ ವಹಿಯಲ್ಲಿ ನಮೂದಿಸಿ ಸೌಲಭ್ಯವನ್ನು ಒದಗಿಸುವ ಕ್ರಮವನ್ನು ಅದು ಸೂಚಿಸುತ್ತದೆ. ಯಂತ್ರವು ಗುರುತಿಸದಿದ್ದ ಮಾತ್ರಕ್ಕೆ ವ್ಯಕ್ತಿಯ ಅರ್ಹತೆ ಇಲ್ಲವಾಗುವುದಿಲ್ಲ.

(3) ಸ್ವೀಕೃತಿ ಪಡೆಯುವುದು: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011, ಅಂದರೆ "ಸಕಾಲ"ದ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಲ್ಲಿಸಿದೊಡನೆ ಜಿಎಸ್‌ಸಿ ಸಂಖ್ಯೆಯುಳ್ಳ ಸ್ವೀಕೃತಿಯನ್ನು ತಪ್ಪದೆ ಪಡೆಯತಕ್ಕದ್ದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಗೊತ್ತುಪಡಿಸಿದ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ ರೂ. 20ರಂತೆ, ಗರಿಷ್ಠ ರೂ. 500ರವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ. ಸ್ವೀಕೃತಿಯಿಲ್ಲದೆ ಅವಧಿಯ ಲೆಕ್ಕಕ್ಕೆ ಆಧಾರವಿರುವುದಿಲ್ಲ.

(4) ಎರಡನೆಯ ಬಾರಿ ಶುಲ್ಕ ಪಾವತಿಸುವ ಮುನ್ನ ಪರಿಶೀಲಿಸುವುದು: ಸಲ್ಲಿಕೆಯ ನಡುವೆ ಸೇವೆ ನಿಂತಲ್ಲಿ, ಅರ್ಜಿಯು ದಾಖಲಾಗಿದೆಯೇ ಮತ್ತು ಖಾತೆಯಿಂದ ಹಣ ಕಡಿತವಾಗಿದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಹಣ ಕಡಿತವಾಗಿದ್ದಲ್ಲಿ ವ್ಯವಹಾರ ಸಂಖ್ಯೆ, ದಿನಾಂಕ ಮತ್ತು ಸಮಯವನ್ನು ಬರೆದಿಟ್ಟುಕೊಂಡು ಸಂಬಂಧಿಸಿದ ಸಹಾಯ ಕೇಂದ್ರಕ್ಕೆ ತಿಳಿಸಬೇಕು.

(5) ಕಡೆಯ ದಿನದವರೆಗೆ ಕಾಯದಿರುವುದು: ಸಾಧ್ಯವಾದಲ್ಲಿ ಕೊನೆಯ ದಿನಾಂಕಕ್ಕೆ ಕೆಲವು ದಿನ ಮೊದಲೇ ಅರ್ಜಿ ಸಲ್ಲಿಸುವುದರಿಂದ ದಟ್ಟಣೆಯೂ ಕಡಿಮೆಯಾಗುತ್ತದೆ, ಅಡಚಣೆಯಾದರೆ ಮತ್ತೊಮ್ಮೆ ಪ್ರಯತ್ನಿಸಲು ಕಾಲಾವಕಾಶವೂ ಉಳಿಯುತ್ತದೆ.

(6) ವಂಚಕರ ಬಗ್ಗೆ ಎಚ್ಚರಿಕೆ: ಸೇವೆ ನಿಂತಿರುವ ಸಮಯದಲ್ಲಿ "ನಿಮ್ಮ ಕೆವೈಸಿ ನಿಂತುಹೋಗಿದೆ, ಒಟಿಪಿ ಹೇಳಿ" ಅಥವಾ "ಈ ಆ್ಯಪ್ ಹಾಕಿಕೊಳ್ಳಿ" ಎಂದು ಬರುವ ಕರೆಗಳಿಗೆ ಉತ್ತರಿಸತಕ್ಕದ್ದಲ್ಲ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆ ಮಾಡತಕ್ಕದ್ದು.

9. ಸೇವೆ ಒದಗಿಸುವವರ ಹೊಣೆ ಮತ್ತು ಕಾನೂನಿನ ರಕ್ಷಣೆ

ದೋಷವು ಪ್ರಕಟವಾದ ದಿನದಿಂದ ತಿದ್ದುಪಡಿಯು ಅಳವಡಿಕೆಯಾಗುವ ದಿನದವರೆಗಿನ ಅಂತರವೇ ಅಪಾಯದ ಅವಧಿ. ತಿದ್ದುಪಡಿ ಸಿದ್ಧವಿದ್ದರೂ ಹಳೆಯ ಆವೃತ್ತಿಯನ್ನೇ ಚಾಲನೆಯಲ್ಲಿಟ್ಟರೆ ದೋಷವು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಬಳಸುತ್ತಿರುವ ಲೈಬ್ರರಿಗಳ ಹಾಗೂ ಆವೃತ್ತಿಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು, ಪ್ರಕಟಣೆಗಳನ್ನು ಗಮನಿಸಿ ಕಾಲಕಾಲಕ್ಕೆ ನವೀಕರಿಸುವುದು, ಒಳಬರುವ ಪ್ರತಿಯೊಂದು ಮಾಹಿತಿಯನ್ನೂ ಬಾಗಿಲಲ್ಲಿಯೇ ಪರಿಶೀಲಿಸುವುದು, ಒಂದು ಭಾಗ ನಿಂತರೂ ಉಳಿದ ಭಾಗಗಳು ನಡೆಯುವಂತೆ ವ್ಯವಸ್ಥೆಯನ್ನು ವಿಭಾಗಿಸುವುದು ಸೇವೆ ಒದಗಿಸುವವರ ಹೊಣೆಯಾಗಿರುತ್ತದೆ.

2004ರಲ್ಲಿ ಕಾರ್ಯಾರಂಭ ಮಾಡಿದ ಸರ್ಟ್-ಇನ್ ಸಂಸ್ಥೆಯು ಇಂತಹ ಘಟನೆಗಳಿಗೆ ಸಂಬಂಧಿಸಿದ ರಾಷ್ಟ್ರೀಯ ಸಂಸ್ಥೆಯಾಗಿದೆ. ಅದು 28-04-2022ರಂದು ಹೊರಡಿಸಿದ ನಿರ್ದೇಶನಗಳಂತೆ, ಸೇವಾ ನಿರಾಕರಣೆ ದಾಳಿಯೂ ಸೇರಿದಂತೆ ನಿಗದಿತ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 43ನೇ ಪ್ರಕರಣದ (ಎಫ್) ಖಂಡದಂತೆ, ಗಣಕ ವ್ಯವಸ್ಥೆಯನ್ನು ಬಳಸಲು ಅಧಿಕಾರವುಳ್ಳವರಿಗೆ ಪ್ರವೇಶವನ್ನು ನಿರಾಕರಿಸುವುದು ತಪ್ಪಾಗಿದೆ. ಅಪ್ರಾಮಾಣಿಕವಾಗಿ ಅಥವಾ ಮೋಸದಿಂದ ಹಾಗೆ ಮಾಡಿದಲ್ಲಿ 66ನೇ ಪ್ರಕರಣದಂತೆ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅರ್ಜಿಯಲ್ಲಿ ತಪ್ಪಾಗಿ ಬರೆದ ಸಂಖ್ಯೆಯಿಂದ ಸರ್ವರ್ ನಿಂತರೆ ಅರ್ಜಿದಾರರು ಹೊಣೆಯಾಗುವರೇ?
ಉತ್ತರ: ಇಲ್ಲ. ತಪ್ಪು ಮಾಹಿತಿಯನ್ನು ಗುರುತಿಸಿ ಹಿಂದಿರುಗಿಸುವುದು ತಂತ್ರಾಂಶದ ಕೆಲಸ. 66ನೇ ಪ್ರಕರಣದ ಶಿಕ್ಷೆಯು ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶವಿರುವ ಕೃತ್ಯಕ್ಕೆ ಅನ್ವಯಿಸುತ್ತದೆ.

ಪ್ರಶ್ನೆ: ಮುಖಚಹರೆ ಹೊಂದಲಿಲ್ಲವೆಂದರೆ ಅದು ಸೇವಾ ನಿರಾಕರಣೆಯೇ?
ಉತ್ತರ: ಅಲ್ಲ. ಬೆಳಕಿನ ಕೊರತೆ, ಹಳೆಯ ಭಾವಚಿತ್ರ ಮುಂತಾದ ಕಾರಣಗಳಿಂದ ಒಬ್ಬರಿಗೆ ಮಾತ್ರ ಹೊಂದದಿರಬಹುದು. ಸೇವಾ ನಿರಾಕರಣೆಯಲ್ಲಿ ಸೇವೆಯೇ ಯಾರಿಗೂ ದೊರೆಯುವುದಿಲ್ಲ ಅಥವಾ ಅತಿ ನಿಧಾನವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಪರ್ಯಾಯ ದೃಢೀಕರಣವನ್ನು ಕೋರಬಹುದು.

ಪ್ರಶ್ನೆ: ಇಂತಹ ದೋಷಗಳನ್ನು ಬಹಿರಂಗವಾಗಿ ಪ್ರಕಟಿಸುವುದು ಅಪಾಯವಲ್ಲವೇ?
ಉತ್ತರ: ಸಾಮಾನ್ಯವಾಗಿ ತಿದ್ದುಪಡಿ ಸಿದ್ಧವಾದ ಬಳಿಕ ವಿವರವನ್ನು ಪ್ರಕಟಿಸಲಾಗುತ್ತದೆ. ಇದರಿಂದ ಎಲ್ಲ ಬಳಕೆದಾರ ಸಂಸ್ಥೆಗಳೂ ಎಚ್ಚೆತ್ತು ನವೀಕರಿಸಲು ಸಾಧ್ಯವಾಗುತ್ತದೆ.

ಪ್ರಶ್ನೆ: "ಸರ್ವರ್ ಇಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಏನು ಮಾಡಬೇಕು?
ಉತ್ತರ: ಬಂದ ದಿನಾಂಕ, ಸಮಯ ಮತ್ತು ಕೋರಿದ ಸೇವೆಯನ್ನು ಬರೆದಿಟ್ಟುಕೊಳ್ಳಬೇಕು. ಕಡೆಯ ದಿನ ಸಮೀಪಿಸಿದ್ದಲ್ಲಿ ಲಿಖಿತ ಮನವಿಯನ್ನು ನೀಡಿ, ಅದರ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಗೂ ದಿನಾಂಕವನ್ನು ಪಡೆಯುವುದು ಉತ್ತಮ. ಮುಂದೆ ಕಾಲಾವಕಾಶ ಕೋರಲು ಅಥವಾ ಮೇಲ್ಮನವಿ ಸಲ್ಲಿಸಲು ಅದು ಆಧಾರವಾಗುತ್ತದೆ.

ಮುಕ್ತಾಯ

ಒಂದು ಋಣ ಸಂಖ್ಯೆಯನ್ನು ಬಾಗಿಲಲ್ಲಿಯೇ ತಡೆಯದ ಕಾರಣದಿಂದ ದೂರದ ಗ್ರಾಮದ ಕೌಂಟರಿನಲ್ಲಿಯೂ ಕೆಲಸ ನಿಲ್ಲಬಹುದೆಂಬುದು ಗಣಕೀಕೃತ ಸೇವೆಗಳ ಸ್ವರೂಪವೇ ಆಗಿದೆ. ನಿಲ್ಲುವುದು ಯಂತ್ರವೇ ಹೊರತು ಅರ್ಜಿದಾರರ ಹಕ್ಕಲ್ಲ. ಯಂತ್ರವು ನಿಂತ ಹೊತ್ತಿನಲ್ಲಿ ಆ ಹಕ್ಕನ್ನು ಕಾಯುವುದು ಸ್ವೀಕೃತಿ, ಪರ್ಯಾಯ ದೃಢೀಕರಣ, ವಿನಾಯಿತಿ ವಹಿ ಮತ್ತು ಮೇಲ್ಮನವಿ ಎಂಬ ವ್ಯವಸ್ಥೆಗಳು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳುವುದರೊಂದಿಗೆ, ಓದಲು ಬಾರದ ನೆರೆಹೊರೆಯವರಿಗೂ ಹಿರಿಯರಿಗೂ ಇದನ್ನು ತಿಳಿಸಿಕೊಡಬೇಕಾಗಿ ಕೋರಲಾಗಿದೆ.